ಮಳೆಗಾಲದ ಓದು: ಒಂದು ಕಾದಂಬರಿ, ಒಂದು ವಿಜ್ಞಾನದ ಪುಸ್ತಕ

ಶಿರಸಿ, ಸಿದ್ದಾಪುರದ ಕಡೆ ಮಳೆ ಹಿಡಿದು ತೋಟದ ಕೆಲಸ ನಿಂತ ದಿನಗಳು ದೊಡ್ಡ ಪುಸ್ತಕಗಳನ್ನು ಕೈಗೆತ್ತಿಕೊಳ್ಳಲು ತಕ್ಕ ಕಾಲ. ಹಳೆಯ ಕಾದಂಬರಿಯೊಂದನ್ನೂ ಜನಪ್ರಿಯ ವಿಜ್ಞಾನದ ಪುಸ್ತಕವೊಂದನ್ನೂ ಜೊತೆಯಾಗಿ ಆರಿಸಿಕೊಳ್ಳಬಹುದು. ಆದರೆ ಎರಡನ್ನೂ ಒಂದೇ ಬಗೆಯಲ್ಲಿ ಓದಬಾರದು.

ಕಾದಂಬರಿಯಲ್ಲಿ ಪುಟ ಹಾರಿಸಬೇಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಿಡಿದರೆ, ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಎಂದು ಯಾರು ಯಾರ ಮನೆಯವರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಳ್ಳಿ. ಸಂಭಾಷಣೆ ತೊಡಕೆನಿಸಿದಲ್ಲಿ ಗಟ್ಟಿಯಾಗಿ ಓದಿ. ವಿಮರ್ಶೆಗಳನ್ನು ಕಥೆ ಮುಗಿದ ಮೇಲೆ ನೋಡಿದರೆ ಸಾಕು.

ವಿಜ್ಞಾನದ ಪುಸ್ತಕದಲ್ಲಿ ಮೊದಲು ನೋಡಬೇಕಾದುದು ಮುದ್ರಣದ ವರ್ಷ. 1959ರಲ್ಲಿ ಹೊರಬರತೊಡಗಿದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಕಾಲಕ್ಕೆ ಮನುಷ್ಯ ಚಂದ್ರನ ಮೇಲೆ ಇಳಿದಿರಲಿಲ್ಲ, 2006ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಪ್ಲೂಟೊ ಒಂಬತ್ತನೆಯ ಗ್ರಹವಾಗಿಯೇ ಇರುತ್ತದೆ. ಹಾಗೆಂದು ಅವನ್ನು ಬದಿಗಿಡಬೇಕಿಲ್ಲ, ಹೊಸದೊಂದರ ಜೊತೆಗೆ ಓದಿದರಾಯಿತು. ಇಲ್ಲಿ ಅಧ್ಯಾಯಗಳನ್ನು ಹಿಂದುಮುಂದಾಗಿ ಓದಲೂ ಅಡ್ಡಿಯಿಲ್ಲ.

ಅಧ್ಯಾಯ ಮುಗಿದೊಡನೆ ಪುಸ್ತಕ ಮುಚ್ಚಿ, ಓದಿದ್ದನ್ನು ಮನೆಯವರೊಬ್ಬರಿಗೆ ಹೇಳಿನೋಡಿ. ಸಮುದ್ರದ ಉಬ್ಬರಕ್ಕೆ ಚಂದ್ರನ ಸೆಳೆತ ಕಾರಣವೆಂದು ಹೇಳಿದ ಕೂಡಲೇ, ಚಂದ್ರ ಒಂದೇ ಕಡೆ ಇರುವಾಗ ಉಬ್ಬರ ದಿನಕ್ಕೆ ಎರಡು ಸಲ ಏಕೆ ಎಂಬ ಪ್ರಶ್ನೆ ಬರಬಹುದು. ಚಂದ್ರನ ಕಡೆಯ ನೀರಿನ ಮೇಲೆ ಭೂಮಿಯ ಕೇಂದ್ರದ ಮೇಲಿರುವುದಕ್ಕಿಂತ ಹೆಚ್ಚಿನ ಸೆಳೆತವೂ, ಆಚೆ ಬದಿಯ ನೀರಿನ ಮೇಲೆ ಕಡಿಮೆ ಸೆಳೆತವೂ ಇರುವುದರಿಂದ ನೀರು ಎರಡೂ ಬದಿಗೆ ಉಬ್ಬುತ್ತದೆ ಎನ್ನುವವರೆಗೆ ನೀವು ತಡವರಿಸದೆ ಹೇಳಬಲ್ಲಿರಾದರೆ ಅಧ್ಯಾಯ ದಕ್ಕಿದಂತೆ. ಇಲ್ಲವಾದರೆ ಮತ್ತೊಮ್ಮೆ ಓದಬೇಕು. ನನ್ನ ಅನುಭವದಲ್ಲಿ ಎರಡನೆಯ ಓದೇ ಹೆಚ್ಚು ರುಚಿ.

ಕಣ್ಣಾರೆ ನೋಡಬಹುದಾದುದನ್ನು ಗುರುತು ಹಾಕಿಟ್ಟು ಮಳೆ ಹೊಳವಾದ ಮೇಲೆ ಹೊರಡಿ. ಕಾರವಾರದ ಕೋಡಿಬಾಗದಲ್ಲಿ ಕಾಳೀ ನದಿಯ ದಂಡೆಗೆ ಸತತವಾಗಿ ಕೆಲವು ದಿನ ಹೋದರೆ ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದು ತಿಳಿಯುತ್ತದೆ (ಮೀನುಗಾರರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು). ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ), ನೀರು ನಿಂತ ಕೆಸರಿನಲ್ಲಿ ಗಾಳಿ ಸಾಲದೆ ಮೊಣಕಾಲಿನಂತೆ ಮೇಲೆದ್ದ ಬೇರುಗಳಿವೆ. ತಿಳಿದವರೊಬ್ಬರ ಜೊತೆ ಹೋಗಿ, ಅವನ್ನು ತುಳಿಯದೆ ನೋಡಿ ಬನ್ನಿ.