ಕಾಡಂಚಿನ ಕಸಕ್ಕೆ ಉತಾರವೇ ಮದ್ದಾಯಿತು

ಬೆಳಗಾವಿಯಿಂದ ಜಾಂಬೋಟಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೇ ಯಾರೋ ಒಡೆದ ಮನೆಯ ಕಸ ಸುರಿದಿದ್ದರು. ಇಟ್ಟಿಗೆ ಚೂರು, ಹಳೇ ಕಮೋಡು, ಎಲ್ಲಾ ಸೇರಿ ನಾಲ್ಕೈದು ಟ್ರ್ಯಾಕ್ಟರ್ ಆಗುವಷ್ಟು. ದೂರು ಕೊಟ್ಟರೆ ಒಂದು ಕಚೇರಿಯವರು ‘ಜಾಗ ನಮ್ಮದಲ್ಲ ರೀ’ ಅಂದರು. ಇನ್ನೊಂದು ಕಚೇರಿಯಲ್ಲೂ ಅದೇ ಮಾತು. ಎರಡು ವಾರ ಸುಮ್ನೆ ಅಲೆದೆ.

ಆಮೇಲೆ ಗೆಳೆಯನೊಬ್ಬ ದಿಶಾಂಕ್ ಆ್ಯಪ್ ತೋರಿಸಿದ. ರಾಶಿಯ ಪಕ್ಕ ನಿಂತು ತೆರೆದರೆ ಆ ಜಾಗದ ಸರ್ವೆ ನಂಬರ್ ಬರುತ್ತದೆ. (ಮಳೆಯಲ್ಲಿ ನೆಟ್‌ವರ್ಕ್ ಸಿಗಲು ಅರ್ಧ ತಾಸು ಹಿಡಿಯಿತು, ಅದು ಬೇರೆ ಮಾತು.) ಆ ನಂಬರಿನ ಉತಾರ (ಪಹಣಿ) ತೆಗೆಸಿದೆ. ‘ಅರಣ್ಯ’ ಅಂತಲೇ ಇತ್ತು!

ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಸರ್ವೆ ನಂಬರ್ ಓದಿ ಹೇಳಿದೆ. ಫೋಟೋ, ಉತಾರದ ಪ್ರತಿ ಸೇರಿಸಿ ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಪಡೆದೆ. ಈ ಸಲ ಯಾರೂ ‘ನಮ್ಮದಲ್ಲ’ ಅನ್ನಲಿಲ್ಲ. ನಾಲ್ಕನೇ ದಿನ ಜೆಸಿಬಿ ಬಂತು. ಸುರಿದವರ ಗಾಡಿ ನಂಬರ್ ಮಾತ್ರ ಸಿಗಲೇ ಇಲ್ಲ.