ಹೈಡ್ರೋಸ್ಟ್ಯಾಟಿಕ್ ಮಿನಿ ಟ್ರ್ಯಾಕ್ಟರ್: ಮೊದಲ ಆಯಿಲ್ ಬದಲಾವಣೆ ಯಾವಾಗ?

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಗೆ, ಪಂಪು ಒತ್ತುವ ಆಯಿಲ್‌ನ ಬಲದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್ ಇರುವ ಮಿನಿ ಟ್ರ್ಯಾಕ್ಟರ್ ಕೊಂಡವರು ಆ ಟ್ರಾನ್ಸ್‌ಮಿಷನ್ನಿನ ಮೊದಲ ಆಯಿಲ್ ಬದಲಾವಣೆಯನ್ನು ವರ್ಷದ ಲೆಕ್ಕಕ್ಕೆ ಬಿಡದೆ, ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ನೋಡಿಯೇ ಮಾಡಿಸಬೇಕೆಂದು ಕೋರುತ್ತೇನೆ. ಅನೇಕ ಮಾದರಿಗಳಲ್ಲಿ ಇದು 50 ಗಂಟೆಗೇ ಬರುತ್ತದೆ. ಕೆಲವು ಕಂಪನಿಗಳು ಆಗ ಫಿಲ್ಟರ್ ಮಾತ್ರ ಬದಲಿಸಲು ಹೇಳುವುದರಿಂದ ಕೈಪಿಡಿಯ ಮಾತೇ ಅಂತಿಮ. ಹೊಸ ಗೇರುಗಳು ಪರಸ್ಪರ ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿಯು, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಚಲಿಸುವ ಪಂಪಿನ ಪಿಸ್ಟನ್‌ಗಳನ್ನು ಗೀರುವ ಅಪಾಯವಿದ್ದು, ಆ ರಿಪೇರಿಯ ಖರ್ಚಿನ ಮುಂದೆ ಆಯಿಲ್‌ನ ಬೆಲೆ ಏನೇನೂ ಅಲ್ಲ. ಮ್ಯಾಗ್ನೆಟ್ ಇರುವ ಫಿಲ್ಟರ್ ಬಿಚ್ಚಿದಾಗ ಅದಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿರುವುದು ಸಹಜ. ಕೈಗೆ ತಾಗುವಂಥ ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಫಿಲ್ಟರನ್ನೂ ಜೊತೆಗೇ ಬದಲಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನಷ್ಟೇ ಹಾಕಿಸಿ.