ಕೊನೆಯ ನೆಗೆಟಿವ್ ಯಾವಾಗ?

ಹಾಸನ ಜಿಲ್ಲೆಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಜೊತೆ ಎಚ್‌ಐವಿ ತಡೆಯುವ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದೇನೆ. ಪರೀಕ್ಷೆಯ ರಿಜಿಸ್ಟರ್ ನನ್ನ ಕೈಯಲ್ಲಿದೆ.

ಮೊದಲ ವರ್ಷದ ವರದಿಯಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಆ ವರ್ಷ ಪಾಸಿಟಿವ್ ಬಂದವರನ್ನೆಲ್ಲ ಕೂಡಿಸಿ 'ಹೊಸ ಸೋಂಕು' ಅಂತ ಬರೆದುಬಿಟ್ಟೆ. ಆಮೇಲೆ ಅವರಲ್ಲಿ ಒಬ್ಬರು ತಾವಾಗಿಯೇ ಬಂದು ಕೂತರು. "ಸಾರ್, ನಾನು ಬೇರೆ ಊರಲ್ಲಿ ನಾಲ್ಕು ವರ್ಷದಿಂದ ಮಾತ್ರೆ ತಗೊಳ್ತಿದೀನಿ. ಇಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ" ಅಂದರು. ಇನ್ನೊಬ್ಬರ ಸಿಡಿ4 ಎಣಿಕೆ, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ, 200ಕ್ಕಿಂತ ಕೆಳಗಿತ್ತು. ಅಷ್ಟು ಇಳಿಯಬೇಕಾದರೆ ಸಾಮಾನ್ಯವಾಗಿ ಸೋಂಕು ತಗುಲಿ ವರ್ಷಗಳೇ ಆಗಿರುತ್ತವೆ. ನಮಗೆ ಗೊತ್ತಾಗಿದ್ದು ಈ ವರ್ಷ, ಅಷ್ಟೇ.

ಈ ವರ್ಷ ಹೊಸದಾಗಿ ಎಷ್ಟು ಜನರಿಗೆ ಸೋಂಕು ತಗುಲಿತು ಅನ್ನುವುದಕ್ಕೆ ಒಟ್ಟು ಪಾಸಿಟಿವ್ ಇರುವವರ ಸಂಖ್ಯೆಯೂ ಉತ್ತರ ಕೊಡುವುದಿಲ್ಲ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯಿಂದ ಜನ ಚೆನ್ನಾಗಿ, ಜಾಸ್ತಿ ವರ್ಷ ಬದುಕುತ್ತಾರೆ. ಹೊಸ ಸೋಂಕು ಕಡಿಮೆಯಾಗಿದ್ದರೂ ಆ ಸಂಖ್ಯೆ ಏರಬಹುದು. ಅದು ಒಳ್ಳೆಯ ಸುದ್ದಿಯೇ ಅಲ್ವಾ?

ಹಾಗಾಗಿ ರಿಜಿಸ್ಟರ್‌ನಲ್ಲಿ ಒಂದು ಕಾಲಮ್ ಸೇರಿಸಿದೆ: ಕೊನೆಯ ನೆಗೆಟಿವ್ ಯಾವಾಗ?

ನಮ್ಮಲ್ಲಿ ಹೆಸರು ಬರೆಸಿಕೊಂಡವರಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ. ಒಬ್ಬರಿಗೆ ಜನವರಿಯಲ್ಲಿ ನೆಗೆಟಿವ್, ಜುಲೈನಲ್ಲಿ ಪಾಸಿಟಿವ್ ಬಂತು ಅನ್ನಿ. ನಡುವಿನ ಏಪ್ರಿಲ್ ಅನ್ನು ಸೋಂಕು ತಗುಲಿದ ಕಾಲ ಅಂತ ಹಿಡಿಯುತ್ತೇವೆ. ಆಮೇಲೆ ಪ್ರತಿಯೊಬ್ಬರನ್ನೂ ಎಷ್ಟು ಕಾಲ ಗಮನಿಸಿದೆವು ಅಂತ ಕೂಡಿಸುತ್ತೇವೆ. 200 ಜನರನ್ನು ಇಡೀ ವರ್ಷ, 40 ಜನರನ್ನು ಅರ್ಧ ವರ್ಷ ನೋಡಿದ್ದರೆ ಒಟ್ಟು ಸುಮಾರು 220 ವರ್ಷ. ಅದರಲ್ಲಿ ಇಬ್ಬರಿಗೆ ಸೋಂಕು ತಗುಲಿದ್ದರೆ, ಹೀಗೆ ಗಮನಿಸಿದ ನೂರು ವರ್ಷಕ್ಕೆ 0.9 ಹೊಸ ಸೋಂಕು. ಆದರೆ ಇಷ್ಟು ಸಣ್ಣ ಎಣಿಕೆಯಲ್ಲಿ ನಿಜವಾದ ದರ 0.1ರಿಂದ 3.3ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹೋದ ವರ್ಷ ಒಬ್ಬರು, ಈ ವರ್ಷ ಇಬ್ಬರು ಅಂದಾಕ್ಷಣ 'ಎರಡು ಪಟ್ಟು ಏರಿತು' ಅಂತ ಬರೆಯುವುದು ತಪ್ಪು. ಈಗ ನಾನು ಆ ಎರಡು ತುದಿಗಳನ್ನೂ ಬರೆದೇ ಕಳಿಸುತ್ತೇನೆ.

ಸೋಂಕು ಇತ್ತೀಚಿನದೋ ಹಳೆಯದೋ ಅಂತ ಹೇಳುವ ರಕ್ತ ಪರೀಕ್ಷೆಯೂ ಇದೆ. ಶುರುವಿನ ತಿಂಗಳುಗಳಲ್ಲಿ, ವೈರಸ್ ಎದುರಿಸಲು ದೇಹ ತಯಾರಿಸುವ ಪ್ರತಿಕಾಯಗಳ ಹಿಡಿತ ಸಡಿಲವಾಗಿರುತ್ತದೆ, ಅದನ್ನು ಅಳೆಯುತ್ತಾರೆ. ಮಾತ್ರೆ ತಗೊಳ್ಳುತ್ತಿರುವವರೂ ಅದರಲ್ಲಿ ಹೊಸಬರಂತೆ ಕಾಣಬಹುದು, ಅದಕ್ಕೇ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಕೂಡ ನೋಡಬೇಕು. ನಮ್ಮ ಮಟ್ಟದಲ್ಲಿ ಆ ಪರೀಕ್ಷೆ ಇಲ್ಲ. ನಮಗಿರುವುದು ತಾರೀಖು ಮಾತ್ರ.

ಆ ತಾರೀಖು ಸಿಗುವುದೇ ಕಷ್ಟ. ಚೀಟಿ ಯಾರೂ ಇಟ್ಟುಕೊಳ್ಳುವುದಿಲ್ಲ, ಮನೆಯವರ ಕೈಗೆ ಸಿಕ್ಕರೆ ಅನ್ನೋ ಭಯ. "ಯಾವಾಗ ಪರೀಕ್ಷೆ ಮಾಡಿಸಿದ್ರಿ?" ಅಂತ ನಾನು ಕೇಳಿದರೆ "ಆವತ್ತೊಂದಿನ" ಅಂತಾರೆ. ನಮ್ಮ ಪಿಯರ್ ಎಜುಕೇಟರ್, ಅಂದರೆ ಸಮುದಾಯದೊಳಗಿನಿಂದಲೇ ಬಂದು ತಿಳಿಹೇಳುವವರು, ಒಬ್ಬರಿದ್ದಾರೆ, ಮಂಗಳಮುಖಿ. ಎಲ್ಲರಿಗೂ ಅವರು ಅಕ್ಕ. ಅವರು ಕೇಳುವ ರೀತಿಯೇ ಬೇರೆ. "ಹಾಸನಾಂಬ ಬಾಗ್ಲು ತೆಗೆಯೋಕೆ ಮುಂಚೇನಾ, ಆಮೇಲಾ?" "ಮುಂಚೆ ಅಕ್ಕ. ಗಣಪತಿ ಬಿಟ್ಟಿದ್ರು." ಅಷ್ಟು ಸಾಕು, ಒಂದು ತಿಂಗಳ ಆಚೀಚೆ ದಿನ ಸಿಕ್ಕಿತು. ಈಗ ನನ್ನ ಮೇಜಿನ ಮೇಲೆ ಹಬ್ಬ ಜಾತ್ರೆಗಳಿಗೆ ಗುರುತು ಹಾಕಿದ ಕ್ಯಾಲೆಂಡರ್ ಇದೆ. ಕೇಳುವುದು ಒಳಗಿನ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಹೆಸರಿನ ಬದಲು ನಂಬರ್ ಬರೆಯುತ್ತೇವೆ. ಅವರ ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಹೊರಗೆ ಹೇಳಬಾರದು ಅಂತ 2017ರ ಎಚ್‌ಐವಿ ಕಾಯ್ದೆಯೂ ಹೇಳುತ್ತದೆ.

ನನ್ನ ನಿದ್ದೆ ಕೆಡಿಸುವುದು ಅರ್ಧಕ್ಕೇ ಬಿಟ್ಟುಹೋದವರ ಸಾಲು. ಬೆಂಗಳೂರಿಗೆ ಕೆಲಸಕ್ಕೆ ಹೋದವರು, ಮನೆಯವರು ಮದುವೆ ಮಾಡಿದವರು, ಈಗ ಬರೀ ಮೊಬೈಲ್ ಆ್ಯಪ್‌ನಲ್ಲಿ ಭೇಟಿ ಮಾಡಿಕೊಂಡು ನಮ್ಮವರ ಕಣ್ಣಿಗೆ ಬೀಳದವರು. ಅಪಾಯ ಅವರಿಗೇ ಜಾಸ್ತಿ ಇದ್ದರೆ, ತಪ್ಪದೆ ಬರುವವರಿಂದ ತೆಗೆದ ನನ್ನ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ಸಕಲೇಶಪುರದ ಕಡೆ ತೋಟದಲ್ಲಿ ದುಡಿಯುವ ಒಬ್ಬರು ಮೂರು ವರ್ಷ ಬಂದಿರಲಿಲ್ಲ. ಅಕ್ಕ ಮಾತ್ರ ಪ್ರತಿ ಹಬ್ಬಕ್ಕೂ ಫೋನ್ ಮಾಡುತ್ತಿದ್ದರು. ಪರೀಕ್ಷೆಯ ಮಾತೇ ಎತ್ತದೆ ಸುಮ್ನೆ ಊಟ ಆಯ್ತಾ ಅಂತ ಕೇಳಿ ಇಡುತ್ತಿದ್ದರು. ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಅವರು ಬಂದರು. ಜೊತೆಗೆ ರಿಜಿಸ್ಟರ್‌ನಲ್ಲಿ ಇಲ್ಲದ ಇಬ್ಬರನ್ನೂ ಕರಕೊಂಡು ಬಂದಿದ್ದರು.